ಪಂಚಾಕ್ಷರಯ್ಯನವರು ಏಳುವ ರೀತಿ

ಲ್ಯಾಪ್‌ಟಾಪ್ ಆನ್ ಆಗುತ್ತಿಲ್ಲವೆಂದು ಯಾರಾದರೂ ತಂದರೆ ನಾನು ಮೊದಲು ಚಾರ್ಜರಿನ ವಿಷಯ ಕೇಳುವುದಿಲ್ಲ. "ಕೊನೇ ಸಲ ಇದನ್ನ ಆಫ್ ಮಾಡಿದ್ದು ಯಾರು?" ಎಂದು ಕೇಳುತ್ತೇನೆ. ನಮ್ಮೂರಿನಲ್ಲಿ ಮೆಷೀನನ್ನು ಯಾರು ಮಲಗಿಸಿದರೋ ಅವರು ಹೇಗೆ ನಿದ್ದೆಯಿಂದ ಏಳುತ್ತಾರೋ ಅದೂ ಹಾಗೆಯೇ ಏಳುತ್ತದೆ. ಸರ್ವೇಯರ್ ನಾಗಭೂಷಣರ ಲ್ಯಾಪ್‌ಟಾಪಿಗೆ ಫ್ಯಾನಿನ ಕಿಂಡಿಯ ಹತ್ತಿರ ಬಿಸಿ ಕಾಫಿ ಹಿಡಿಯದೆ ಸ್ಕ್ರೀನ್ ಬೆಳಗುವುದಿಲ್ಲ. ಕಾಲೇಜಿನ ಗುಮಾಸ್ತೆಯೊಬ್ಬರದು ಮೂರು ಸಲ ಆನ್ ಆಗಿ, ಮೂರು ಸಲವೂ ಆಫ್ ಆಗಿ, ನಾಲ್ಕನೇ ಸಲ ಚೆನ್ನಾಗಿ ಬೈಸಿಕೊಂಡ ಮೇಲೆ ಶುರುವಾಗುತ್ತದೆ. ನನ್ನ ಗಂಡ ಆಫ್ ಮಾಡಿದ ಮೆಷೀನಿನ ಬ್ಯಾಟರಿಯನ್ನೇ ಕಿತ್ತು ಪಕ್ಕಕ್ಕಿಡಬೇಕು. ಮನೆಯಲ್ಲಿ ಅವರ ಹೊದಿಕೆಯನ್ನೂ ನಾನು ಹಾಗೇ ಕೀಳುವುದು.

ಊರಿನವರು ಇದಕ್ಕೆ ಒಗ್ಗಿಕೊಂಡು ಬಹಳ ಕಾಲವಾಯಿತು. ಸಹಕಾರಿ ಬ್ಯಾಂಕಿನಲ್ಲಿ ಸಂಜೆ ಎಲ್ಲ ಕಂಪ್ಯೂಟರುಗಳನ್ನೂ ಆಫ್ ಮಾಡುವುದಕ್ಕೆಂದೇ ಒಬ್ಬ ಹೆಂಗಸನ್ನು ಇಟ್ಟುಕೊಂಡಿದ್ದಾರೆ. ಕಣ್ಣು ಬಿಟ್ಟ ಕ್ಷಣವೇ ಪೊರಕೆ ಹಿಡಿಯುವ ಜಾತಿ ಆಕೆ. ಬ್ಯಾಂಕಿನ ಮೆಷೀನುಗಳು ಬೆರಳು ಸೋಕಿದರೆ ಸಾಕು, ಎದ್ದು ನಿಲ್ಲುತ್ತವೆ. ಸಂಬಂಧ ನೋಡಲು ಹೋದವರು ಹುಡುಗಿಗೆ ಹಾಡಲು ಬರುತ್ತದೆಯೇ ಎಂದು ಕೇಳುವುದಿಲ್ಲ, ಬೆಳಿಗ್ಗೆ ಹೇಗೆ ಏಳುತ್ತಾಳೆ ಎಂದು ಕೇಳುತ್ತಾರೆ. ಹೆಣ್ಣಿನ ಕಡೆಯವರು ಅದೇ ಪ್ರಶ್ನೆಯನ್ನು ಹುಡುಗನ ತಾಯಿಗೆ ತಿರುಗಿಸುತ್ತಾರೆ. ಆಗ ಹುಡುಗನ ತಾಯಿ ಉಪ್ಪಿಟ್ಟು ಬಹಳ ಚೆನ್ನಾಗಿದೆ ಎನ್ನುತ್ತಾಳೆ.

ಹಾಗೆಂದು ಎಲ್ಲ ದೋಷಕ್ಕೂ ಇದೇ ಕಾರಣವಲ್ಲ. ಹತ್ತು ಮೆಷೀನು ಬಂದರೆ ನಾಲ್ಕರಲ್ಲಿ ಮಾಮೂಲಿ ತೊಂದರೆಯೇ ಇರುತ್ತದೆ. ಚಾರ್ಜರಿನ ವೈರು ಒಳಗೇ ತುಂಡಾಗಿರುತ್ತದೆ, ರ‍್ಯಾಮಿನ ಮೇಲೆ ಧೂಳು ಕೂತಿರುತ್ತದೆ, ಬ್ಯಾಟರಿ ಊದಿಕೊಂಡಿರುತ್ತದೆ. ಬಸ್ ಸ್ಟ್ಯಾಂಡಿನ ಎದುರು, ಹೂವಿನ ಅಂಗಡಿಗೂ ಸೋಡಾ ಅಂಗಡಿಗೂ ನಡುವೆ ನನ್ನ ರಿಪೇರಿ ಅಂಗಡಿ. ಹದಿನಾರು ವರ್ಷದಿಂದ ಇಂಥವನ್ನು ನೋಡುತ್ತ ಬಂದಿದ್ದೇನೆ. ಆದರೆ ನರ್ಸ್ ದೇವೀರಮ್ಮನವರ ಲ್ಯಾಪ್‌ಟಾಪಿನಂಥದ್ದು ಇನ್ನೊಂದು ಬಂದಿಲ್ಲ.

ದೇವೀರಮ್ಮ ನಮ್ಮೂರಿನ ಹೆರಿಗೆ ಆಸ್ಪತ್ರೆಯಲ್ಲಿ ಮೂವತ್ತನಾಲ್ಕು ವರ್ಷ ನರ್ಸಾಗಿದ್ದು ರಿಟೈರ್ ಆದವರು. ನನ್ನನ್ನು ಹೊರಗೆ ಎಳೆದದ್ದೂ ಅವರೇ. ನಮ್ಮ ಓಣಿಯ ಅರ್ಧ ಜನರನ್ನು ನೋಡಿದರೆ "ನೀನು ಕಾಲು ಮುಂದು ಮಾಡ್ಕೊಂಡು ಬಂದೋನು" ಎಂದು ಎಲ್ಲರೆದುರೇ ಹೇಳಿಬಿಡುತ್ತಾರೆ. ಹಿಂದೊಮ್ಮೆ ಹೊಳೆ ಉಕ್ಕಿ ಆಸ್ಪತ್ರೆಗೂ ಪುರಸಭೆಗೂ ನೀರು ನುಗ್ಗಿತ್ತು. ಜನನದ ರಿಜಿಸ್ಟರುಗಳೆಲ್ಲ ಕೊಚ್ಚಿಹೋದವು. ಅಂದಿನಿಂದ ಊರಿನ ಎಷ್ಟೋ ಜನರಿಗೆ ತಾವು ಹುಟ್ಟಿದ್ದಕ್ಕೆ ಒಂದು ಚೀಟಿಯೂ ಇರಲಿಲ್ಲ. ಪಾಸ್‌ಪೋರ್ಟ್ ಇಲ್ಲ, ಪಿಂಚಣಿ ಇಲ್ಲ, ಕಾಲೇಜಿನಲ್ಲಿ ಸೀಟು ಸಿಕ್ಕರೂ ಸೇರಿಸಿಕೊಳ್ಳುವುದಿಲ್ಲ. ಅರ್ಜಿ ಹಾಕಿ ಹಾಕಿ ಸಾಕಾದ ಮೇಲೆ ಜಿಲ್ಲಾ ಕಚೇರಿಯವರು ಒಂದು ದಾರಿ ಹೇಳಿದರು. ಹೆರಿಗೆ ಮಾಡಿಸಿದವರು ಪಟ್ಟಿ ಬರೆದು, ಪ್ರತಿ ಪುಟಕ್ಕೂ ಸಹಿ ಹಾಕಿ ಕೊಟ್ಟರೆ ಒಂದೇ ಒಂದು ದಿನ ಶಿಬಿರ ಮಾಡಿ ಸರ್ಟಿಫಿಕೇಟ್ ಕೊಡುತ್ತೇವೆ ಎಂದರು.

ದೇವೀರಮ್ಮನವರು ತಾವು ಮಾಡಿಸಿದ ಪ್ರತಿ ಹೆರಿಗೆಯನ್ನೂ ತಮ್ಮ ಸ್ವಂತ ಡೈರಿಗಳಲ್ಲಿ ಗುರುತು ಹಾಕಿಕೊಂಡಿದ್ದರು. ಆ ಡೈರಿಗಳೂ ನೀರು ಕುಡಿದಿದ್ದವು. ಒಮ್ಮೆ ಬಿಡಿಸಿದ ಹಾಳೆ ಮತ್ತೆ ಮಡಚುವಷ್ಟರಲ್ಲಿ ಪುಡಿಯಾಗುತ್ತಿತ್ತು. ಹೀಗಾಗಿ ಅವರು ಓದಿ ಹೇಳುವುದು, ಟೈಪಿಂಗ್ ಮೇಷ್ಟ್ರು ಪಂಚಾಕ್ಷರಯ್ಯನವರು ಲ್ಯಾಪ್‌ಟಾಪಿನಲ್ಲಿ ಹೊಡೆಯುವುದು ಎಂದಾಯಿತು. ಮೇಷ್ಟ್ರು ಹಿಂದೆ ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸುತ್ತಿದ್ದವರು. ಮದುವೆ ಮಾಡಿಕೊಳ್ಳಲಿಲ್ಲ, ತಾಯಿ ತೀರಿಕೊಂಡ ಮೇಲೆ ಒಬ್ಬರೇ ಇದ್ದಾರೆ. ಎಂಟು ತಿಂಗಳು ದಿನಾ ಸಂಜೆ ನಾಲ್ಕಕ್ಕೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ನರ್ಸಮ್ಮನವರ ಮನೆಗೆ ಹೋಗಿ ಸಾವಿರದ ಒಂಬೈನೂರ ಹನ್ನೆರಡು ಹುಟ್ಟುಗಳನ್ನು ಟೈಪ್ ಮಾಡಿದರು.

ಕೊನೆಯ ಹೆಸರು ಮುಗಿದದ್ದು ಒಂದು ಭಾನುವಾರ ಸಂಜೆ. ಶಿಬಿರ ಇದ್ದದ್ದು ಮಾರನೇ ದಿನ ಸೋಮವಾರ, ಹತ್ತರಿಂದ ಐದರವರೆಗೆ.

ಸೋಮವಾರ ಒಂಬತ್ತೂವರೆಗೆ ನಾನು ಬಾಗಿಲು ತೆಗೆಯುವ ಹೊತ್ತಿಗೆ ದೇವೀರಮ್ಮ ಲ್ಯಾಪ್‌ಟಾಪನ್ನು ಕೂಸಿನ ಹಾಗೆ ಎದೆಗೊತ್ತಿಕೊಂಡು ನಿಂತಿದ್ದರು. ಪ್ರಿಂಟ್ ತೆಗೆಸುವುದಕ್ಕೆ ಬಂದಿದ್ದರು.

"ವಾರಿಜಾ, ಇದು ಏಳ್ತಾ ಇಲ್ಲ ಕಣೇ. ದಿನಾ ಎರಡು ಸಲ ತಟ್ಟಿದ್ರೆ ಎದ್ದುಬಿಡೋದು. ಇವತ್ತು ಏನ್ ಮಾಡಿದ್ರೂ ಇಲ್ಲ."

ದೇವೀರಮ್ಮನವರದು ನರ್ಸಿನ ನಿದ್ದೆ. ಮೂವತ್ತನಾಲ್ಕು ವರ್ಷ ಅವರ ಬಾಗಿಲನ್ನು ಜನ ಹೊತ್ತಲ್ಲದ ಹೊತ್ತಿನಲ್ಲಿ ತಟ್ಟಿದ್ದಾರೆ. ಅವರು ಮಲಗಿಸಿದ ಮೆಷೀನೂ ತಟ್ಟಿದರೆ ಏಳಬೇಕು. ಗುಂಡಿ ಒತ್ತಿ ನೋಡಿದೆ. ದೀಪ ಹತ್ತಿತು, ಫ್ಯಾನು ಸಣ್ಣಗೆ ಒಂದು ಸುತ್ತು ತಿರುಗಿತು, ಸ್ಕ್ರೀನ್ ಕಪ್ಪಾಗಿಯೇ ಇತ್ತು. ಸ್ವಲ್ಪ ಹೊತ್ತಿಗೆ ಎಲ್ಲ ಆರಿಹೋಯಿತು. ಚಾರ್ಜರ್ ಬದಲಾಯಿಸಿದೆ. ಗುಂಡಿಯನ್ನು ಅರ್ಧ ನಿಮಿಷ ಒತ್ತಿ ಹಿಡಿದು ಬಿಟ್ಟೆ. ಹಿಂಬದಿ ಬಿಚ್ಚಿ ರ‍್ಯಾಮ್ ತೆಗೆದು, ರಬ್ಬರಿನಿಂದ ಉಜ್ಜಿ, ಮತ್ತೆ ಕೂರಿಸಿದೆ. ಬೇರೆ ಮಾನಿಟರಿಗೆ ಸಿಕ್ಕಿಸಿದೆ. ಪ್ರತಿ ಸಲವೂ ಅದೇ ದೀಪ, ಅದೇ ಸಣ್ಣ ಸದ್ದು, ಅದೇ ಕತ್ತಲೆ.

"ನರ್ಸಮ್ಮ, ನಿನ್ನೆ ಇದನ್ನ ಆಫ್ ಮಾಡಿದ್ದು ನೀವೇನಾ?"

ಅವರು ಕೈಯನ್ನು ಗಲ್ಲಕ್ಕೆ ಇಟ್ಟುಕೊಂಡರು. "ಅಯ್ಯೋ ಶಿವನೇ. ಪಟ್ಟಿ ಮುಗೀತಲ್ಲ ಅಂತ ಶಾವಿಗೆ ಪಾಯಸಕ್ಕೆ ಇಟ್ಟಿದ್ದೆ. ಹಾಲು ಉಕ್ತು ಅಂತ ಒಳಗೆ ಓಡಿದೆ. ವಾಪಸ್ ಬರೋದ್ರೊಳಗೆ ಮೇಷ್ಟ್ರು ಮುಚ್ಚಿಟ್ಟು ಚಪ್ಪಲಿ ಹಾಕ್ಕೋತಿದ್ರು."

"ಡೈರಿ ಇದೆಯಲ್ಲ?"

"ಎಲ್ಲಿ ಇದೆ? ಟೈಪ್ ಆದ ಮೇಲೆ ಆ ಪುಡಿ ಇಟ್ಕೊಂಡು ಏನ್ ಮಾಡ್ಲಿ? ಹಂಡೆ ಒಲೆಗೆ ಹಾಕಿದೆ."

ಡಿಸ್ಕನ್ನು ಬಿಚ್ಚಿ ಬೇರೆ ಮೆಷೀನಿಗೆ ಹಾಕಬಹುದಲ್ಲ ಎಂದು ಹೊರ ಊರಿನವರು ಕೇಳುತ್ತಾರೆ. ಹಾಕಿದೆ. ಅಲ್ಲೂ ಅದು ಮಲಗಿಯೇ ಇತ್ತು. ನಮ್ಮೂರಿನಲ್ಲಿ ಮಲಗಿದವರನ್ನು ಹಾಸಿಗೆ ಬದಲಾಯಿಸಿ ಎಬ್ಬಿಸಲಾಗುವುದಿಲ್ಲ.

ಇನ್ನೊಬ್ಬರಾಗಿದ್ದರೆ ಕೆಲಸ ಸುಲಭವಿತ್ತು. ಹೆಂಡತಿಯನ್ನೋ ತಾಯಿಯನ್ನೋ ಒಂದು ಮಾತು ಕೇಳಿದರೆ ಮುಗಿಯುತ್ತಿತ್ತು. ಪಂಚಾಕ್ಷರಯ್ಯನವರನ್ನು ಕರೆಸಿದಾಗ ಅವರು ಕನ್ನಡಕ ಒರೆಸುತ್ತ ನಿಂತುಬಿಟ್ಟರು.

"ನಾನು ಹೇಗೆ ಏಳ್ತೀನಿ ಅಂತ ನನ್ನ ಕೇಳಿದ್ರೆ? ಏಳೋ ಹೊತ್ತಲ್ಲಿ ನಾನಿನ್ನೂ ಎದ್ದಿರಲ್ಲವಲ್ಲ ವಾರಿಜಾ! ಎದ್ದ ಮೇಲೆ ಮಂಚದ ಮೇಲೆ ಕೂತಿರ್ತೀನಿ. ಅಷ್ಟು ಗೊತ್ತು."

"ಅಲಾರಾಂ ಇಟ್ಕೋತೀರಾ?"

"ಇಲ್ಲ."

"ಕಾಫಿ?"

"ಎದ್ದು ನಾನೇ ಮಾಡ್ಕೋಬೇಕು."

ಆದರೂ ಎಲ್ಲವನ್ನೂ ಮಾಡಿ ನೋಡಿದೆವು. ಕಾಫಿ ಹಿಡಿದೆವು, ಅಲಾರಾಂ ಬಾರಿಸಿದೆವು, ಬಿಸಿಲಿಗೆ ಇಟ್ಟೆವು, ಒದ್ದೆ ಕೈಯಿಂದ ಸವರಿದೆವು. ಮೇಷ್ಟ್ರ ದನಿಗಾದರೂ ಏಳಲಿ ಎಂದು ಅವರ ಕೈಯಲ್ಲೇ ಅವರ ಹೆಸರನ್ನು ಕೂಗಿಸಿದೆವು. ಅವರು ಕೆಂಪಗಾಗಿ "ಪಂಚಾಕ್ಷರಯ್ಯನವರೇ, ಏಳಿ" ಎಂದು ಬಹುವಚನದಲ್ಲೇ ಕೂಗಿದರು. ಏನೂ ಆಗಲಿಲ್ಲ. ಅಷ್ಟರಲ್ಲಿ ಹನ್ನೆರಡೂವರೆಯಾಗಿತ್ತು. ಶಿಬಿರದಲ್ಲಿ ನಿಂತು ಬೇಸತ್ತ ಜನ ಸುದ್ದಿ ತಿಳಿದು ನನ್ನ ಅಂಗಡಿಯ ಮುಂದೆ ಸೇರಿದ್ದರು. ಅವರಲ್ಲಿ ಎಲ್ಲರಿಗಿಂತ ಮುಂದೆ ನಿಂತಿದ್ದವಳು ಹಾಲು ಹಾಕುವ ಚೌಡಮ್ಮ. ಅವಳ ಮಗಳು ರೇವತಿಗೆ ನರ್ಸಿಂಗ್ ಕಾಲೇಜಿನಲ್ಲಿ ಸೀಟು ಸಿಕ್ಕಿತ್ತು. ಹುಟ್ಟಿದ ಸರ್ಟಿಫಿಕೇಟ್ ಕೊಡಲು ಆ ವಾರವೇ ಕೊನೆ. ಚೌಡಮ್ಮ ಸಾಮಾನ್ಯವಾಗಿ ಬೀದಿಗೆಲ್ಲ ಕೇಳುವಂತೆ ಮಾತಾಡುವವಳು, ಅವತ್ತು ಒಂದು ಮಾತೂ ಆಡದೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದಳು. 

"ಇರೋದು ಒಂದೇ ದಾರಿ," ಎಂದೆ. "ಮೇಷ್ಟ್ರು ಈಗ ಇಲ್ಲಿ ನಿದ್ದೆ ಮಾಡ್ಬೇಕು. ಅವರು ಏಳೋದನ್ನ ನಾವು ನೋಡ್ಬೇಕು."

ಪಂಚಾಕ್ಷರಯ್ಯನವರು ಎರಡು ಹೆಜ್ಜೆ ಹಿಂದೆ ಸರಿದರು. "ಇಷ್ಟು ಜನದ ಮುಂದೆ ಮಲಗೋದಾ? ನಾನು ಮಧ್ಯಾಹ್ನ ಮಲಗಿದವನೇ ಅಲ್ಲ."

"ಮಲಗಿ ಮೇಷ್ಟ್ರೇ," ಎಂದು ಹಿಂದಿನಿಂದ ಯಾರೋ ಬೇಡಿಕೊಂಡರು. "ನನಗೆ ನಲವತ್ತೆಂಟು ಆಗಿದೆ. ಪಾಸ್‌ಪೋರ್ಟ್ ಆಫೀಸಿನವರು ನಾನಿನ್ನೂ ಹುಟ್ಟೇ ಇಲ್ಲ ಅಂತಾರೆ."

ಊರಿಗೆ ಊರೇ ಒಬ್ಬ ಮನುಷ್ಯನನ್ನು ಮಲಗಿಸಲು ಹೊರಟರೆ ಹೇಗಿರುತ್ತದೆಂದು ಅವತ್ತು ನೋಡಿದೆ. ಹೂವಿನ ಅಂಗಡಿಯವರು ಚಾಪೆ ಕೊಟ್ಟರು. ಸೋಡಾ ಅಂಗಡಿಯವನು ಗೋಲಿ ಸೋಡಾದ ಸದ್ದು ಬೇಡವೆಂದು ವ್ಯಾಪಾರವನ್ನೇ ನಿಲ್ಲಿಸಿದ. ಮೂರು ಮನೆಯಿಂದ ಊಟ ಬಂತು. ರಾಗಿ ಮುದ್ದೆ, ಹುರುಳಿಕಾಳಿನ ಬಸ್ಸಾರು, ಅದರ ಮೇಲೆ ಅನ್ನ ಮೊಸರು, ಅದರ ಮೇಲೆ ಎರಡು ಬಾಳೆಹಣ್ಣು. ಬೇಡವೆಂದರೂ ಬಿಡದೆ ಬಡಿಸಿದರು. ಉಂಡ ಮೇಲೆ ಮೇಷ್ಟ್ರು ಕನ್ನಡಕ ತೆಗೆದು, ಅಂಗಿಯ ಮೇಲಿನ ಗುಂಡಿಯನ್ನು ಮಾತ್ರ ಬಿಚ್ಚಿ, ಚಾಪೆಯ ಮೇಲೆ ಅಂಗಾತ ಮಲಗಿದರು. ಐವತ್ತು ಜನ ಉಸಿರು ಬಿಗಿಹಿಡಿದು ನೋಡುತ್ತಿದ್ದರು. ಒಂದು ನಿಮಿಷಕ್ಕೆ ಒಂದು ಕಣ್ಣು ಬಿಟ್ಟರು.

"ಹೀಗೆ ನೋಡ್ತಾ ಇದ್ರೆ ಸತ್ತವನಿಗೂ ಎಚ್ಚರ ಆಗುತ್ತೆ!"

ದೇವೀರಮ್ಮ ಎದ್ದರು. ಹೆರಿಗೆ ಕೋಣೆಯಿಂದ ಗಂಡಂದಿರನ್ನು ಓಡಿಸುತ್ತಿದ್ದ ಹಳೆಯ ದನಿಯಲ್ಲಿ "ಎಲ್ಲಾ ಆಚೆಗೆ ನಡೀರಿ" ಎಂದರು. ಜನ ಹೋದರು. ನಾನೊಬ್ಬಳೇ ಮೂಲೆಯ ಸ್ಟೂಲಿನ ಮೇಲೆ ಉಳಿದೆ. ದೇವೀರಮ್ಮ ಚಾಪೆಯ ಪಕ್ಕ ಕಾಲು ಚಾಚಿ ಕೂತು, ಗೋಡೆಗೆ ಒರಗಿ, ನೆನಪಿದ್ದಷ್ಟು ಹುಟ್ಟುಗಳನ್ನು ಒಂದೇ ರಾಗದಲ್ಲಿ ಹೇಳತೊಡಗಿದರು.

"ಬುಡೇನ್ ಸಾಬರ ಮನೆ, ಗಂಡು, ಶುಕ್ರವಾರ, ಬೆಳಿಗ್ಗೆ ಹತ್ತೂ ಇಪ್ಪತ್ತು, ಎರಡೂ ಮುಕ್ಕಾಲು ಕೆ.ಜಿ. ಅಂಚೆ ಹನುಮಕ್ಕ, ಹೆಣ್ಣು, ಶನಿವಾರ, ಮಧ್ಯಾಹ್ನ ಒಂದು. ಚೌಡಮ್ಮನ ಎರಡನೇದು, ಹೆಣ್ಣು, ಮಂಗಳವಾರ, ಹೊರಗೆ ಮಳೆ, ಕೊರಳಿಗೆ ಬಳ್ಳಿ ಸುತ್ತಿತ್ತು, ಬಿಡಿಸಿದೆ, ಅತ್ತಿತು..."

ಪಂಚಾಕ್ಷರಯ್ಯನವರ ಬೆರಳುಗಳು ಚಾಪೆಯ ಮೇಲೆ ಸ್ವಲ್ಪ ಹೊತ್ತು ಟೈಪ್ ಮಾಡಿದವು. ಆಮೇಲೆ ನಿಂತವು. ಗೊರಕೆ ಶುರುವಾಯಿತು. ದೇವೀರಮ್ಮ ನನ್ನ ಕಡೆ ತಿರುಗಿ, "ಎಂಟು ತಿಂಗಳೂ ಹಿಂಗೇ ತೂಕಡಿಸ್ತಿದ್ರು. ಮಧ್ಯೆ ಮಧ್ಯೆ ನಾನು ಕೆಮ್ತಿದ್ದೆ," ಎಂದು ಪಿಸುಗುಟ್ಟಿದರು.

ಆಗ ಎರಡೂವರೆ. ಮೂರಾಯಿತು. ಮೂರೂ ಕಾಲಾಯಿತು. ನಮಗೆ ಬೇಕಾಗಿದ್ದದ್ದು ಅವರು ತಾವಾಗಿಯೇ ಏಳುವುದು. ಆದರೆ ಗಡಿಯಾರ ಕಾಯುವುದಿಲ್ಲ. ಕೊನೆಗೆ ಮೆಲ್ಲಗೆ ಭುಜ ಅಲುಗಿಸಿದೆ. ಅವರು ಮಗ್ಗುಲು ಬದಲಾಯಿಸಿದರು, ಅಷ್ಟೇ. ಹೆಸರು ಹಿಡಿದು ಕರೆದೆ, ಇಲ್ಲ. ಎದುರಿನ ಸ್ಟ್ಯಾಂಡಿನಲ್ಲಿ ಬಸ್ಸೊಂದು ಉದ್ದಕ್ಕೆ ಹಾರ್ನ್ ಹೊಡೆಯಿತು, ಅದಕ್ಕೂ ಇಲ್ಲ. ದೇವೀರಮ್ಮ ಎರಡು ಸಲ ನಾಡಿ ಹಿಡಿದು ನೋಡಿದರು.

ಮೂರೂ ಮುಕ್ಕಾಲಿಗೆ ಗೊರಕೆ ತಾನಾಗಿ ನಿಂತಿತು. ರೆಪ್ಪೆಗಳು ಅದುರಿದವು, ಕಣ್ಣು ಬಿಡಲಿಲ್ಲ. ತುಟಿ ಅಲುಗಿತು.

"ಯಾರಿದೀರಿ?" ಎಂದರು ಪಂಚಾಕ್ಷರಯ್ಯನವರು.

ಎಚ್ಚರವಿದ್ದಾಗ ಅವರದು ಕ್ಲಾಸಿನಲ್ಲಿ ಡಿಕ್ಟೇಶನ್ ಕೊಡುವ ಗಟ್ಟಿ ದನಿ. ಇದು ಹಾಗಿರಲಿಲ್ಲ. ಶಾಲೆಯಿಂದ ಮನೆಗೆ ಬಂದ ಮಗು ಖಾಲಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದ ಹಾಗಿತ್ತು. ನಾವಿಬ್ಬರೂ ಕದಲಲಿಲ್ಲ. ಎಲ್ಲಿ ಕೆಡುತ್ತದೋ ಎಂದು ನಾನು ಬಾಯಿಗೆ ಕೈ ಒತ್ತಿಕೊಂಡಿದ್ದೆ. ಅವರು ಸ್ವಲ್ಪ ಹೊತ್ತು ಕಾದರು. ನಿಜವಾಗಿಯೂ ಕಾದರು, ಹಣೆಯಲ್ಲಿ ಒಂದು ಗೆರೆ ಮೂಡಿತ್ತು. ಆಮೇಲೆ ಸಣ್ಣಗೆ ಉಸಿರು ಬಿಟ್ಟು ಮತ್ತೆ ನಿದ್ದೆಗೆ ಇಳಿದರು.

ದೇವೀರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. "ಎಷ್ಟೋ ಜನ ಏಳೋದನ್ನ ನೋಡಿದೀನಿ ವಾರಿಜಾ. ಹಿಂಗೆ ಯಾರೂ ಕೇಳಿದ್ದು ನೋಡಿಲ್ಲ."

ಹತ್ತು ನಿಮಿಷ ಕಳೆದು ಮತ್ತೆ ಗೊರಕೆ ನಿಂತಿತು. "ಯಾರಿದೀರಿ?"

ಈ ಸಲ ನಾವು ಬಾಯಿ ತೆರೆಯುವ ಮೊದಲೇ ಕಿಟಕಿಯ ಸರಳು ಹಿಡಿದು ಇಣುಕುತ್ತಿದ್ದ ಚೌಡಮ್ಮನಿಗೆ ತಡೆಯಲಾಗಲಿಲ್ಲ. "ನಾನಿದೀನಿ ಕಣ್ ಮೇಷ್ಟ್ರೇ! ಚೌಡಿ!" ಎಂದು ಎರಡು ಬೀದಿಗೆ ಕೇಳುವಂತೆ ಕೂಗಿದಳು.

ಪಂಚಾಕ್ಷರಯ್ಯನವರು ಕಣ್ಣು ಬಿಟ್ಟರು. ಎದ್ದು ಕೂತರು. ಅವರ ಮುಖದ ತುಂಬ ನಗು ಇತ್ತು, ಅಂಥ ನಗುವನ್ನು ಆ ಮುಖದಲ್ಲಿ ನಾವು ಯಾರೂ ಕಂಡಿರಲಿಲ್ಲ. ಎದುರಿಗೆ ನನ್ನನ್ನೂ ದೇವೀರಮ್ಮನವರನ್ನೂ ನೋಡಿದ ಮೇಲೆ ಅವಸರವಾಗಿ ಅಂಗಿಯ ಗುಂಡಿ ಹಾಕಿಕೊಂಡು ಕನ್ನಡಕಕ್ಕಾಗಿ ತಡಕಾಡಿದರು. "ಗೊತ್ತಾಯ್ತಾ? ಹೇಗೆ ಎದ್ದೆ?"

ಹೇಳಲು ಪುರುಸೊತ್ತಿರಲಿಲ್ಲ. ನಾನು ಆಗಲೇ ಗುಂಡಿ ಒತ್ತಿದ್ದೆ. ದೀಪ ಹತ್ತಿತು. ಫ್ಯಾನು ಸಣ್ಣಗೆ ಸದ್ದು ಮಾಡಿತು. ಬೆಳಗಿನಿಂದ ಹತ್ತಾರು ಸಲ ಕೇಳಿದ ಸದ್ದೇ, ಆದರೆ ಈಗ ಅದು ಏನೆಂದು ಗೊತ್ತಿತ್ತು. "ನಾನಿದೀನಿ," ಎಂದೆ. ಜನರ ಮುಂದೆ ಮೆಷೀನಿಗೆ ಹಾಗೆ ಹೇಳಲು ನಾಚಿಕೆಯಾಗಿ ದನಿ ಗಂಟಲಲ್ಲೇ ಉಳಿಯಿತು. ದೀಪ ಆರಿತು.

"ಕೇಳ್ಸೋ ಹಾಗೆ ಹೇಳಮ್ಮ," ಎಂದು ದೇವೀರಮ್ಮ ಗದರಿದರು. "ಬರೀ ತುಟಿ ಅಲ್ಲಾಡಿಸಿದ್ರೆ ಯಾರು ಏಳ್ತಾರೆ?"

ಮತ್ತೆ ಒತ್ತಿದೆ. ದೀಪ, ಸದ್ದು. ನಾನು ಕೈ ಎತ್ತಿದೆ. ಬಾಗಿಲಲ್ಲಿ, ಕಿಟಕಿಯಲ್ಲಿ, ರಸ್ತೆಯಲ್ಲಿ ನಿಂತಿದ್ದವರೆಲ್ಲ ಒಟ್ಟಿಗೆ "ಇದೀವೀ!" ಎಂದು ಕೂಗಿದರು. ಬಸ್ ಸ್ಟ್ಯಾಂಡಿನಲ್ಲಿ ಇಬ್ಬರು ಕಂಡಕ್ಟರುಗಳು ಬೆಚ್ಚಿಬಿದ್ದು ಬಸ್ಸಿನಿಂದ ಇಳಿದರು. ಸ್ಕ್ರೀನ್ ನೀಲಿಯಾಯಿತು, ಬೆಳ್ಳಗಾಯಿತು. ನಡುವೆ ದೇವೀರಮ್ಮನವರ ಮೊಮ್ಮಗುವಿನ ಫೋಟೋ, ಅದರ ಪಕ್ಕ 'ಹುಟ್ಟಿದವರು' ಎಂಬ ಫೈಲು.

ನಾಲ್ಕೂ ಹತ್ತಕ್ಕೆ ಪ್ರಿಂಟರ್ ಶುರುವಾಯಿತು. ಅರವತ್ತೊಂದು ಪುಟ. ನಡುವೆ ಎರಡು ಸಲ ಕಾಗದ ಸಿಕ್ಕಿಕೊಂಡಿತು. ಎಳೆದು ಬಿಡಿಸಿದೆ. ಬಿಸಿಯಾಗಿ ಬಂದ ಪುಟಕ್ಕೆ ದೇವೀರಮ್ಮ ಸಹಿ ಹಾಕುವುದು, ಮೇಷ್ಟ್ರು ಊದಿ ಒಣಗಿಸಿ ಜೋಡಿಸುವುದು. ಕೊನೆಯ ಪುಟ ಸೇರಿದ ಕೂಡಲೇ ಇಡೀ ಕಟ್ಟು ಹಿಡಿದು ಚೌಡಮ್ಮ ಶಿಬಿರಕ್ಕೆ ಓಡಿದಳು, ಅವಳ ಹಿಂದೆ ನಾವೆಲ್ಲರೂ.

ಅಧಿಕಾರಿ ಆಗಲೇ ಬ್ಯಾಗಿನ ಜಿಪ್ ಎಳೆಯುತ್ತಿದ್ದರು. ಗಡಿಯಾರ ನೋಡಿದರು. ಐದಕ್ಕೆ ಎರಡು ನಿಮಿಷ ಇತ್ತು. ಪಟ್ಟಿಯನ್ನು ತಿರುವಿ ನೋಡುತ್ತ ನಡುವಿನ ಒಂದು ಪುಟದಲ್ಲಿ ನಿಂತರು. "ಏನಮ್ಮಾ ಇದು? 'ಹುಟ್ಟಿದ ಕೂಡಲೇ ಡಾಕ್ಟರ ಮೇಲೆ ಉಚ್ಚೆ ಹೊಯ್ದನು' ಅಂತ ಬರೆದಿದೆ. ಇದು ಸರ್ಕಾರಿ ದಾಖಲೆ."

"ಹೊಯ್ದಿದ್ದು ನಿಜ ಸ್ವಾಮಿ," ಎಂದರು ದೇವೀರಮ್ಮ. "ಬೇಕಿದ್ರೆ ಅವನನ್ನೇ ಕೇಳಿ. ನಿಮ್ಮ ಹಿಂದೆ ಕುರ್ಚಿ ಎತ್ತಿಡ್ತಿದಾನಲ್ಲ, ಅವನೇ."

ಅಧಿಕಾರಿ ನಗುತ್ತ ಮತ್ತೆ ಕೂತರು. ಕುರ್ಚಿಗಳು ಮತ್ತೆ ಇಳಿದವು. ಅವರು ಸರ್ಟಿಫಿಕೇಟ್ ಬರೆಯುತ್ತ ಕೊನೆಯ ಬಸ್ಸನ್ನು ಬಿಟ್ಟು, ನರ್ಸಮ್ಮನವರ ಮನೆಯಲ್ಲಿ ಹಿಂದಿನ ದಿನದ ಪಾಯಸ ತಿಂದು, ಮಾರನೇ ಬೆಳಿಗ್ಗೆ ಊರಿಗೆ ಹೋದರು. ರೇವತಿಯ ಸರ್ಟಿಫಿಕೇಟಿನಲ್ಲಿ ಮಂಗಳವಾರ ಎಂದಿತ್ತು. ಇಷ್ಟು ವರ್ಷವೂ ಅವಳ ಮನೆಯವರು ಅವಳು ಹುಟ್ಟಿದ್ದು ಗುರುವಾರವೆಂದು ಗುರುವಾರದ ಉಪವಾಸ ಮಾಡಿಸುತ್ತಿದ್ದರಂತೆ.

ಹತ್ತು ದಿನ ಕಳೆದ ಮೇಲೆ ಪಂಚಾಕ್ಷರಯ್ಯನವರು ಅಂಗಡಿಗೆ ಬಂದರು. ರಿಪೇರಿಗೆ ಏನೂ ತಂದಿರಲಿಲ್ಲ. ಸ್ಟೂಲಿನ ಮೇಲೆ ಕೂತು, ನಾನು ಒಂದು ಕೀಬೋರ್ಡಿನ ಧೂಳು ತೆಗೆಯುವುದನ್ನು ನೋಡುತ್ತಿದ್ದರು.

"ವಾರಿಜಾ, ಅವತ್ತು ನಾನು ಎರಡು ಸಲ ಕೇಳಿದ್ನಂತೆ. ನಿಜವಾ?"

"ನಿಜ ಮೇಷ್ಟ್ರೇ."

"ಹಾಗಾದ್ರೆ ದಿನಾ ಕೇಳ್ತಿದ್ನೇನೋ."

"ಮೆಷೀನು ಪ್ರತಿ ಸಲಾನೂ ಕೇಳ್ತು. ನೀವೂ ಕೇಳ್ತಿದ್ದಿರಬೇಕು."

"ಅಮ್ಮ ಹೋಗಿ ಇಪ್ಪತ್ತೆರಡು ವರ್ಷ," ಎಂದರು ಮೇಷ್ಟ್ರು. "ಉತ್ತರ ಬರದೇ ಇದ್ದಾಗ ನಾನು ಹೇಗೆ ಏಳ್ತಿದ್ದೆ?"

"ಅದು ಗೊತ್ತಾಗಲಿಲ್ಲ ಮೇಷ್ಟ್ರೇ. ನೋಡಿದವರು ಯಾರೂ ಇರಲಿಲ್ಲವಲ್ಲ."

ಅವರು ತಲೆಯಾಡಿಸಿದರು. ಕನ್ನಡಕ ತೆಗೆದು ಒರೆಸಿದರು. ಆಮೇಲೆ ಬಂದ ಕೆಲಸ ಈಗ ನೆನಪಾದವರಂತೆ ಮುಂದಕ್ಕೆ ಬಾಗಿ ದೂರು ಹೇಳತೊಡಗಿದರು. ಮಂಚವನ್ನು ಒಳಕೋಣೆಯಿಂದ ರಸ್ತೆ ಬದಿಯ ಕೋಣೆಗೆ ತಂದು ಹಾಕಿಕೊಂಡಿದ್ದಾರಂತೆ, ಗಾಳಿ ಬರಲಿ ಎಂದು. ಅದು ಆ ಚೌಡಮ್ಮನಿಗೆ ಹೇಗೋ ತಿಳಿದುಹೋಗಿದೆಯಂತೆ.

"ಐದೂವರೆಗೇ ಬರ್ತಾಳೆ. ಹಾಲಿನ ಕ್ಯಾನು ಕಟ್ಟೆ ಮೇಲೆ ಕುಕ್ತಾಳೆ. ನಾನು ಕೇಳಬೇಕು, ಆಮೇಲೆ ತಾನೇ ಅವಳು ಹೇಳಬೇಕು? ಅದಿಲ್ಲ. ಬೀದಿ ತಿರುವಿನಲ್ಲಿರುವಾಗಲೇ 'ಇದೀನಿ ಮೇಷ್ಟ್ರೇ, ಏಳಿ' ಅಂತ ಅರಚ್ಕೊಂಡೇ ಬರ್ತಾಳೆ. ಪಕ್ಕದ ಮನೆ ಸೋಮಶೇಖರಪ್ಪನೂ ಈಗ ಕಲಿತುಬಿಟ್ಟಿದಾನೆ. ಅವನು ಹಲ್ಲುಜ್ಜುತ್ತಾ ಕಾಂಪೌಂಡಿನ ಮೇಲಿಂದ 'ನಾನೂ ಇದೀನಿ' ಅಂತಾನೆ. ಒಬ್ಬ ಮನುಷ್ಯನಿಗೆ ಪ್ರಶ್ನೆ ಕೇಳೋಕೂ ಬಿಡೋದಿಲ್ಲ ಈ ಜನ."

"ಚೌಡಮ್ಮನಿಗೆ ಒಂದು ಮಾತು ಹೇಳ್ಲಾ? ಸ್ವಲ್ಪ ತಡೆದು ಬರಲಿ ಅಂತ?"

ಪಂಚಾಕ್ಷರಯ್ಯನವರು ಗಾಬರಿಯಿಂದ ಸ್ಟೂಲು ಬಿಟ್ಟು ಎದ್ದರು.

"ಬೇಡ ಬೇಡ," ಎಂದರು. "ನೀನೇನೂ ಹೇಳೋಕೆ ಹೋಗಬೇಡ."